ಹೊಗೆಯಿಲ್ಲದ ಸೀತನಿ

ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಗ್ಯಾಸ್ ಗ್ರಿಲ್ ಇದೆ. ಬಂದವರು ಮೊದಲು ಅದನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ. ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆಯಲ್ಲಿ ಇದೇನು ಅವತಾರ ಎಂಬ ಪ್ರಶ್ನೆ ಅವರ ಮುಖದಲ್ಲೇ ಇರುತ್ತದೆ. ಬದನೆಕಾಯಿ ಸುಡಲು ಎಂದು ಹೇಳಿ ಮಾತು ಮುಗಿಸುತ್ತೇನೆ. ನಿಜವಾಗಿ ಅದನ್ನು ತಂದದ್ದು ಒಬ್ಬ ಮನುಷ್ಯನ ಮುಖ ಮತ್ತೆ ಗೆಲುವಾಗಲಿ ಎಂದು. ಆ ಮನುಷ್ಯ ನನ್ನ ಗಂಡ.

ನಾನು ಬ್ಲೌಸ್ ಹೊಲಿಯುವವಳು. ವಿಜಯಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದೇ ಮಶೀನಿನ ಮುಂದೆ ಇಪ್ಪತ್ತೆಂಟು ವರ್ಷ ಕೂತಿದ್ದೇನೆ. ಇವರು ತೊರವಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದು ಈಗ ನಿವೃತ್ತರು. ನಮ್ಮಿಬ್ಬರ ಪಾಲಿನ ಮಾತನ್ನೆಲ್ಲ ನಾನೇ ಆಡಿ ಮುಗಿಸುವುದರಿಂದ ಇವರಿಗೆ ಉಳಿಯುವುದು ಕಡಿಮೆ. ನಾನು ಸಿಟ್ಟಾಗಿ ಅರ್ಧ ತಾಸು ವಟಗುಟ್ಟಿದರೆ ಇವರು ಕನ್ನಡಕ ಒರೆಸಿಕೊಂಡು, "ಮುಗೀತೇನು?" ಎನ್ನುತ್ತಾರೆ. ಆ ಒಂದು ಮಾತಿಗೆ ಇನ್ನರ್ಧ ತಾಸಿನ ಸಿಟ್ಟು ಬರುತ್ತದೆ.

ವರ್ಷಕ್ಕೆ ಒಂದು ದಿನ ಮಾತ್ರ ಈ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಅದು ಸೀತನಿಯ ದಿನ. ಬಿಜ್ಜರಗಿಯಲ್ಲಿ ಇವರ ತಮ್ಮ, ಅಂದರೆ ನನ್ನ ಮೈದುನ, ನೋಡಿಕೊಳ್ಳುವ ಹೊಲವಿದೆ. ಚಳಿಗಾಲದಲ್ಲಿ ಬಿಳಿಜೋಳದ ತೆನೆಯಲ್ಲಿ ಹಾಲು ತುಂಬಿ, ಕಾಳು ಇನ್ನೂ ಹಸಿರಾಗಿ ಮೆತ್ತಗಿರುವಾಗ ಅದನ್ನು ಕೊಯ್ದು ಸುಟ್ಟು ತಿನ್ನುವುದೇ ಸೀತನಿ. ಹೊಲದ ಬದುವಿನಲ್ಲಿ ತಗ್ಗು ತೆಗೆದು, ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕುಳ್ಳು ಉರಿದು ಕೆಂಡವಾದ ಮೇಲೆ ಆ ಬಿಸಿ ಬೂದಿಯಲ್ಲಿ ತೆನೆ ಹುಗಿಯಬೇಕು. ಕಾವು ಹೆಚ್ಚಾದರೆ ಕಾಳು ಕರಕಾಗುತ್ತದೆ, ಕಡಿಮೆಯಾದರೆ ಹಸಿ ಉಳಿಯುತ್ತದೆ. ಹದವಾಗಿ ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಮೊರದಲ್ಲಿ ಕೇರಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಮೊಸರು, ಬೆಲ್ಲದ ಜೊತೆ ಕೊಡುತ್ತಾರೆ. ಇವರ ಕೈಯ ಸೀತನಿ ಎಂದರೆ ಟಿಕೋಟಾದಿಂದಲೂ ಬೀಗರು ಬರುತ್ತಿದ್ದರು. ತುದಿ ಕರಕಾದ ಒಂದು ಬೇವಿನ ಕೋಲು ಹಿಡಿದು ತೆನೆ ಹೊರಳಿಸುತ್ತ, ಇವರು ಎಲ್ಲರನ್ನೂ ಗದರಿಸುವರು, ನಗಿಸುವರು, ಶಾಲೆಯ ಹುಡುಗರ ಕತೆ ಹೇಳುವರು. ನಾನು ದೂರ ಕೂತು, ಈ ಮನುಷ್ಯ ಉಳಿದ ದಿನಗಳಲ್ಲಿ ಎಲ್ಲಿ ಅಡಗಿರುತ್ತಾನೆ ಎಂದು ನೋಡುತ್ತಿದ್ದೆ.

ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಸುಡುವವನು ಎಲ್ಲರಿಗೂ ಕೊಟ್ಟು ಕೊನೆಗೆ ತಿನ್ನಬೇಕು. ತನ್ನ ಪಾಲಿನ ತೆನೆಯನ್ನು ಅವನೇ ತಿಕ್ಕಿಕೊಳ್ಳುವಂತಿಲ್ಲ. ಮನೆಯ ಹೆಣ್ಣುಮಗಳೊಬ್ಬಳು ತಿಕ್ಕಿ ಅವನ ಕೈಗೆ ಹಾಕಬೇಕು. ಇವರಿಗೆ ಯಾವಾಗಲೂ ಅತ್ತೆಯೇ ತಿಕ್ಕಿ ಕೊಡುತ್ತಿದ್ದರು. ಅತ್ತೆ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

ಹಿಂದಿನ ವರ್ಷದ ಸೀತನಿಯ ದಿನ ಎಲ್ಲ ಕೆಟ್ಟಿತು. ಇವರಿಗೆ ಮೊದಲಿನಿಂದ ಸ್ವಲ್ಪ ದಮ್ಮು ಇತ್ತು. ಅವತ್ತು ಗಾಳಿ ತಿರುಗಿ ಕುಳ್ಳಿನ ಹೊಗೆಯೆಲ್ಲ ಇವರ ಮುಖಕ್ಕೇ ಬಂತು. ಕೆಮ್ಮು ಶುರುವಾಗಿ ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಯಾರದೋ ಕಾರಿನಲ್ಲಿ ಮಲಗಿಸಿಕೊಂಡು ಟಿಕೋಟಾ ದಾಟಿ ವಿಜಯಪುರಕ್ಕೆ ಬರುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ. ಎಲ್ಲರೂ ತಿಂದಿದ್ದರು, ಇವರ ಪಾಲಿನ ತೆನೆ ಮಾತ್ರ ಬುಟ್ಟಿಯಲ್ಲಿ ಹಾಗೇ ಉಳಿಯಿತು. ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡ ಡಾಕ್ಟರು ಒಂದೇ ಮಾತು ಹೇಳಿದರು: "ಇನ್ನ ಮ್ಯಾಲೆ ಹೊಗಿ ಅಂದ್ರ ವಿಷಾ ಅಂತ ತಿಳ್ಕೋರಿ."

ಮನೆಗೆ ಬಂದ ಕೂಡಲೇ ಇವರು ಬೇವಿನ ಕೋಲನ್ನು ತಮ್ಮನಿಗೆ ಕೊಟ್ಟುಬಿಟ್ಟರು. "ತಗೋ, ಇನ್ನ ನನ್ನ ಕೈ ಸೀತನಿ ಮುಗೀತು," ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳ ತೆಗೆಯಬಹುದಿತ್ತು. ಎಂದಿನ ದನಿಯಲ್ಲಿ ಹೇಳಿ ಪೇಪರ್ ಓದಲು ಕೂತರು. ಆಮೇಲೆ ಇಡೀ ವರ್ಷ ಹಾಗೇ ಕೂತಿದ್ದರು. ಮದುವೆ, ಕಾರ್ಯಕ್ಕೆ ಕರೆದರೂ ಹೋಗುತ್ತಿರಲಿಲ್ಲ. ಈ ಚಳಿಗಾಲದಲ್ಲಿ ಮೈದುನ ಫೋನ್ ಮಾಡಿ, "ತೆನಿ ಹದಕ್ಕ ಬಂದಾವ ಅಣ್ಣಾ, ನೀ ದೂರ ಕುಂದರು, ನಾ ಸುಡ್ತೇನಿ," ಎಂದ. "ನನಗಿಲ್ಲಿ ಕೆಲಸ ಐತಿ," ಎಂದು ಇವರು ಫೋನ್ ಇಟ್ಟರು. ಎಂಥ ಕೆಲಸ? ಹಳೇ ಪೇಪರು ಮಡಿಸಿ ಅಟ್ಟಕ್ಕೆ ಇಡುವ ಕೆಲಸ. ನನ್ನ ತಲೆ ಕೆಟ್ಟು ಮೊಸರ ಗಡಿಗೆಯಾಯಿತು.

ಅದೇ ವಾರ ಒಬ್ಬ ಗಿರಾಕಿಯ ಮನೆಗೆ ಬ್ಲೌಸಿನ ಅಳತೆಗೆಂದು ಹೋಗಿದ್ದೆ. ಅವರ ಮಾಳಿಗೆಯ ಮೇಲೆ ಮುಚ್ಚಳವಿದ್ದ ಒಂದು ಕಬ್ಬಿಣದ ಪೆಟ್ಟಿಗೆಯಂಥದ್ದರಲ್ಲಿ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ ಸುಡುತ್ತಿದ್ದರು. ಕೆಳಗೆ ಗ್ಯಾಸಿನ ನೀಲಿ ಉರಿ, ಮೇಲೆ ಜಾಳಿಗೆ. ನಾನು ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಅದರ ಸುತ್ತ ಎರಡು ಸುತ್ತು ಬಂದೆ. ಹೊಗೆ ಇರಲಿಲ್ಲ. ಮರುದಿನ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಬಯಲಿನಲ್ಲಿ, ಗಾಳಿ ಆಡುವ ಕಡೆ ಇಟ್ಟು, ಹೊಗೆ ಏಳದಿದ್ದರೆ ಅಡ್ಡಿಯಿಲ್ಲ ಎಂದರು. ನಾನು ಸೀದಾ ಗಾಂಧಿ ಚೌಕಕ್ಕೆ ನಡೆದೆ.

ಒಲೆ, ಪಾತ್ರೆ ಮಾರುವ ದೊಡ್ಡ ಅಂಗಡಿ ಅದು. ಮಾಲೀಕರು ನನ್ನ ವಯಸ್ಸಿನವರೇ, ಹಣೆ ತುಂಬ ವಿಭೂತಿ.

"ಬರ್ರಿ ಅಕ್ಕಾರ, ಏನ್ ತೋರಸ್ಲಿ?"

"ಗ್ಯಾಸ್ ಮ್ಯಾಲೆ ಸುಡೂ ಗ್ರಿಲ್ ಬೇಕಾಗಿತ್ರಿ."

"ಹೋಟೆಲ್ ಮಾಡಾಕತ್ತೀರೇನ್ರಿ?"

"ಹೋಟೆಲ್ ಯಾಕ್ರಿ, ಮನ್ಯಾಗ ತಿನ್ನಾಕ ಮಂದಿ ಇಲ್ಲೇನು?"

ಅವರು ನಕ್ಕು ಒಳಗೆ ಕರೆದೊಯ್ದರು. ಮೂರು ನಮೂನೆ ಇದ್ದವು. ಮೊದಲನೆಯದು ಕೆಂಪು ಬಣ್ಣದ್ದು, ಎಲ್ಲಕ್ಕಿಂತ ಅಗ್ಗ, ಹೊಸ ಮದುಮಗಳ ಹಾಗೆ ಮಿರಮಿರ ಮಿಂಚುತ್ತಿತ್ತು. ಬೆರಳ ಗೆಣ್ಣಿನಿಂದ ಮುಚ್ಚಳಕ್ಕೆ ಬಡಿದೆ. ಎಣ್ಣೆಯ ಡಬ್ಬಿಯ ಸದ್ದು ಬಂತು. ಹಿಡಿದು ಅಲುಗಾಡಿಸಿದರೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ನಡುಗಿದವು. ಉರಿಗೆ ಕಿವಿಯಂಥ ಒಂದೇ ಗುಂಡಿ, ತಿರುಗಿಸಿದರೆ ಪೂರ್ತಿ ಉರಿಯಬೇಕು, ಇಲ್ಲವೇ ಪೂರ್ತಿ ಆರಬೇಕು. ಬಗ್ಗಿ ನೋಡಿದೆ. ಬರ್ನರನ್ನು ರಿವೆಟ್ ಹೊಡೆದು ಕೂರಿಸಿದ್ದರು.

"ಇದು ಒಂದು ಮಳಿಗಾಲ ಹೊರಗ ನಿಂತ್ರ ತುಕ್ಕು ತಿಂದು ತೂತ ಬಿದ್ದು ಚಾಳಣಿ ಆಗ್ತೈತ್ರಿ," ಎಂದೆ.

"ಹಂಗಾರ ಇದನ್ನ ನೋಡ್ರಿ," ಎಂದು ಅವರು ಕೊನೆಯದರ ಹತ್ತಿರ ನಿಂತರು. ನಾಲ್ಕು ಬರ್ನರು, ಬದಿಗೊಂದು ಒಲೆ, ಕಾವು ತೋರಿಸುವ ಗಡಿಯಾರದಂಥ ಮುಳ್ಳು, ಕೆಳಗೆ ಬಾಗಿಲಿದ್ದ ಕಪಾಟು. ಚೆನ್ನಾಗಿಯೇ ಇತ್ತು. ಬೆಲೆ ಕೇಳಿ ಪರ್ಸನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಿಸಿದೆ.

"ಇದನ್ನ ಮಾಳಿಗಿ ಏರಸಾಕ ಕ್ರೇನ್ ನೀವ ಕಳಸ್ತೀರೇನ್ರಿ?"

ನಡುವಿನದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಕಪ್ಪು ಬಣ್ಣ, ಏನೂ ಝಗಮಗ ಇಲ್ಲ. ಬೆಲೆಯೂ ನಡುವಿನದು. ಮುಚ್ಚಳ ದಪ್ಪಗಿತ್ತು, ಬಡಿದರೆ ಸದ್ದು ಒಳಗೇ ಉಳಿಯಿತು. ಜಾಳಿಗೆ ಬೀಡುಕಬ್ಬಿಣದ್ದು, ಎತ್ತಲು ಎರಡೂ ಕೈ ಬೇಕು. ಕೊಳವೆಯಂಥ ಎರಡು ಬರ್ನರು, ಒಂದೊಂದಕ್ಕೂ ಬೇರೆ ಬೇರೆ ಕಿವಿ. ಪಿನ್ನು ಆರಿಸಲು ಮಶೀನಿನ ಹತ್ತಿರ ಇಟ್ಟುಕೊಳ್ಳುವ ಪುಟ್ಟ ಮ್ಯಾಗ್ನೆಟ್ ನನ್ನ ಪರ್ಸಿನಲ್ಲಿತ್ತು. ಕೆಂಪು ಗ್ರಿಲ್ಲಿನ ಬರ್ನರಿಗೆ ಹಿಡಿದೆ, ಟಕ್ ಎಂದು ಕಚ್ಚಿತು. ಇದರ ಬರ್ನರಿಗೆ ಹಿಡಿದೆ, ಜಾರಿ ಕೆಳಗೆ ಬಿತ್ತು. ತುಕ್ಕು ಹಿಡಿಯದ ಒಳ್ಳೆಯ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ ಎಂದು ನನಗೆ ಮಶೀನಿನ ಬಿಡಿಭಾಗ ಮಾರುವವರು ಹಿಂದೆಯೇ ಹೇಳಿಕೊಟ್ಟಿದ್ದರು.

"ಇದರ ಬರ್ನರ್ ಬಿಚ್ಚಿ ತೋರಸ್ರಿ," ಎಂದೆ.

"ಅಯ್ಯ ಅಕ್ಕಾರ, ಬಿಚ್ಚೂದು ಯಾಕ್ರಿ? ಗ್ಯಾರಂಟಿ ಐತಿ."

"ಗ್ಯಾರಂಟಿ ಕಾಗದಾ ಉರೀತೈತೇನ್ರಿ? ಬಿಚ್ಚಾಕ ಬರದ ಮಶೀನ್ ನಾ ಮನಿಗೆ ಒಯ್ಯಂಗಿಲ್ಲ."

ಅವರು ಅತ್ತಿತ್ತ ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ನನ್ನದನ್ನು ತೆಗೆದೆ. ಹೊಲಿಗೆ ಮಶೀನಿನ ಜೊತೆ ಬಂದದ್ದು, ಸದಾ ಪರ್ಸಿನಲ್ಲೇ ಇರುತ್ತದೆ. ಎರಡು ಸ್ಕ್ರೂ ಬಿಚ್ಚಿದೆ, ಬರ್ನರು ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ತೂತುಗಳು ಸಾಲಾಗಿ, ಒಂದೇ ಅಳತೆಯಲ್ಲಿ, ಚೆಂದದ ಹೊಲಿಗೆಯ ಹಾಗಿದ್ದವು. ಬೇಕೆಂದರೆ ಬರ್ನರು ಬಿಡಿಯಾಗಿಯೂ ಸಿಗುತ್ತದೆಯೇ, ಕೆಟ್ಟರೆ ಯಾರು ಬರುತ್ತಾರೆ, ಪೈಪು ಎಷ್ಟು ದಿನಕ್ಕೆ ಬದಲಿಸಬೇಕು ಎಂದು ಕೇಳಿದೆ. ಮಾಲೀಕರು ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ ಸೋತು ಸ್ಟೂಲಿನ ಮೇಲೆ ಕೂತರು.

"ಅಲ್ರಿ, ಇಷ್ಟೆಲ್ಲಾ ನೋಡಿ ಇದರ ಮ್ಯಾಲೆ ಸುಡೂದರ ಏನ್ರಿ?"

"ಸೀತನಿ."

ಅವರ ನಗು ನಿಂತಿತು. "ಬೂದಿ ಇಲ್ದ ಸೀತನಿ ಹ್ಯಾಂಗ ಆಗ್ತೈತ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದರು. ನನಗೆ ಬ್ಲೌಸು ಗೊತ್ತು, ಮಶೀನು ಗೊತ್ತು, ಸೀತನಿ ಸುಡುವುದು ಗೊತ್ತಿಲ್ಲ. ಗೊತ್ತಿದ್ದವರು ಮನೆಯಲ್ಲಿ ಪೇಪರು ಮಡಿಸುತ್ತಿದ್ದರು. ನಡುವಿನದನ್ನೇ ಕಟ್ಟಿಸಿದೆ.

ಶನಿವಾರ ಮಧ್ಯಾಹ್ನ ಟಂಟಂ ಗಾಡಿಯಲ್ಲಿ ಗ್ರಿಲ್ ಬಂತು. ಅಂಗಡಿಯವರು ಕಳಿಸಿದ ಫಿಟ್ಟರ್ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿ, ಸಿಲಿಂಡರಿಗೆ ಪೈಪು ಜೋಡಿಸಿ, ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲ ಎಂದು ತೋರಿಸಿ ಹೋದ. ಇವರು ಮೆಟ್ಟಿಲ ಮೇಲೆ ಬಂದು ನಿಂತರು.

"ಇದೇನು?"

"ಬದನಿಕಾಯಿ ಸುಡಾಕ್ರಿ."

"ಬದನಿಕಾಯಿಗೆ ಇಷ್ಟ ದೊಡ್ಡದು?"

"ದೊಡ್ಡ ಬದನಿಕಾಯಿ ತರ್ತೇನಿ."

ಕನ್ನಡಕ ಒರೆಸಿಕೊಂಡು ಕೆಳಗೆ ಹೋದರು. ನಾನು ಮೈದುನನಿಗೆ ಮೊದಲೇ ಫೋನ್ ಮಾಡಿ, ಐತವಾರ ಮುಂಜಾನೆ ಒಂದು ಚೀಲ ತೆನೆ ಕೊಯ್ದು ತರಲು ಹೇಳಿದ್ದೆ. ಅಣ್ಣನಿಗೆ ಹೇಳಬೇಡ ಎಂದೂ ಹೇಳಿದ್ದೆ. ಸೀತನಿಯ ತೆನೆಯನ್ನು ಕೊಯ್ದ ದಿನವೇ ಸುಡಬೇಕು, ಇಲ್ಲದಿದ್ದರೆ ಕಾಳಿನ ಹಾಲು ಬತ್ತಿ ಗಟ್ಟಿಯಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಸೆರಗಿನ ತುದಿಯಲ್ಲಿ ಕುಂಕುಮದ ಪೊಟ್ಟಣ.

"ಹೊಸಾ ಒಲಿ ಬಂದೈತಿ, ಹಾಲು ಉಕ್ಕಸಬೇಕು ಬೇ."

"ಇದು ಒಲಿ ಅಲ್ರಿ ಅತ್ತಿ."

"ಬೆಂಕಿ ಬರ್ತೈತಿಲ್ಲ? ಹಂಗಾರ ಒಲಿನ."

ಹೊಸ ಮನೆ, ಹೊಸ ಒಲೆ, ಏನೇ ಆಗಲಿ, ಮೊದಲು ಹಾಲು ಉಕ್ಕಬೇಕು. ನಾನು ಮದುವೆಯಾಗಿ ಬಂದಾಗ ಸೀಮೆಎಣ್ಣೆ ಸ್ಟೋವಿಗೂ ಉಕ್ಕಿಸಿದ್ದರು. ಮುಚ್ಚಳಕ್ಕೆ ಕುಂಕುಮ ಹಚ್ಚಿ, ಜಾಳಿಗೆಯ ಮೇಲೆ ಪಾತ್ರೆ ಇಟ್ಟು ಎರಡೂ ಬರ್ನರು ಹೊತ್ತಿಸಿದೆವು. ಹಾಲು ಮೂಡಣ ದಿಕ್ಕಿಗೆ ಉಕ್ಕಿ ಸುರಿಯಿತು. ಮೂಡಣಕ್ಕೇ ಬಿತ್ತೆಂದು ಅತ್ತೆ ಎರಡೂ ಕೈ ಜೋಡಿಸಿದರು, ನಾನೂ ಜೋಡಿಸಿದೆ. ಜಾಳಿಗೆಯನ್ನು ಒದ್ದೆ ಅರಿವೆಯಿಂದ ಒರೆಸಿ ಕೆಳಗಿಳಿದೆ. ಹಾಲು ಜಾಳಿಗೆಯ ಮೇಲೆ ನಿಲ್ಲುತ್ತದೆಯೇ, ಕೆಳಗೆ ಹೋಗಿರುತ್ತದಲ್ಲ ಎಂದು ಹೊಳೆಯಲೇ ಇಲ್ಲ. ಅಂಗಡಿಯಲ್ಲಿ ಅದರ ಕರುಳನ್ನೆಲ್ಲ ಹೊರತೆಗೆದು ನೋಡಿದ ಜಾಣೆ ನಾನು.

ಐತವಾರ ಬಿಸಿಲು ಬಲಿಯುವ ಮೊದಲೇ ಮೈದುನ ಬೈಕಿನ ಮೇಲೆ ಬಂದ. ಹಿಂದೆ ಒದ್ದೆ ಅರಿವೆ ಮುಚ್ಚಿದ ಚೀಲ, ಅದರ ಬದಿಗೆ ಹಗ್ಗದಿಂದ ಕಟ್ಟಿದ ಬೇವಿನ ಕೋಲು. ಕೋಲು ತರಲು ನಾನು ಹೇಳಿರಲಿಲ್ಲ. ಚೀಲವನ್ನು ಮುಂದಿನ ಕೋಣೆಯಲ್ಲಿ ಇಳಿಸಿದ ಕೂಡಲೇ ಹಸಿ ತೆನೆಯ ವಾಸನೆ ತುಂಬಿತು. ಚಹಾ ಕುಡಿಯುತ್ತಿದ್ದ ಇವರು ಚೀಲವನ್ನು ನೋಡಿದರು, ಕೋಲನ್ನು ನೋಡಿದರು, ನನ್ನನ್ನು ನೋಡಿದರು.

"ದೊಡ್ಡ ಬದನಿಕಾಯಿ ಬಂದ್ವು ನೋಡು," ಎಂದರು.

"ಮ್ಯಾಲೆ ನಡೀರಿ. ನೀವು ಸುಡಬೇಕು."

"ನಾ ಬರಂಗಿಲ್ಲ. ಹೋದ ವರ್ಷ ನಿನ್ನ ಮಾರಿ ನೋಡೇನಿ ನಾ, ಕಾರಿನ್ಯಾಗ. ಅದನ್ನ ಮತ್ತ ನೋಡೂದಿಲ್ಲ."

ಇಷ್ಟು ದಿನ ಈ ಮನುಷ್ಯ ಹೆದರಿದ್ದು ತನಗೆ ಉಸಿರು ಕಟ್ಟೀತೆಂದಲ್ಲ, ನನ್ನ ಮುಖ ನೋಡಬೇಕಾದೀತೆಂದು. ಅಳು ಬಂದಾಗ ನನ್ನ ದನಿ ಇನ್ನೂ ಜೋರಾಗುತ್ತದೆ.

"ಹೊಗಿ ಬರಂಗಿಲ್ರಿ! ನನ್ನ ಆಣಿ. ಒಂದು ಎಳಿ ಹೊಗಿ ಬಂದ್ರ ಆ ಡಬ್ಬಿ ರಸ್ತಾಕ್ಕ ಒಗೀತೇನಿ."

ಬಂದರು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ನಾನು ಮುಚ್ಚಳ ತೆರೆದು, ಎರಡೂ ಕಿವಿ ತಿರುಗಿಸಿ ಹೊತ್ತಿಸಿದೆ. ಎಡಗಡೆ ಉದ್ದಕ್ಕೂ ನೀಲಿ ಉರಿ ಬಂತು. ಬಲಗಡೆ ಮೂರ್ನಾಲ್ಕು ತೂತುಗಳಿಂದ ಮಾತ್ರ ಹಳದಿ ನಾಲಿಗೆ ಎದ್ದಿತು, ಅದರ ಹಿಂದೆ ಸುಟ್ಟ ಹಾಲಿನ ಕಮಟು ಹೊಗೆ. ಬರ್ನರಿನ ಮೇಲೆ ರಾತ್ರಿಯೆಲ್ಲ ಒಣಗಿ ಗಟ್ಟಿಯಾಗಿದ್ದ ಹಾಲು ಈಗ ಕರಕಾಗುತ್ತಿತ್ತು. ನಾನು ಕಿವಿ ತಿರುಗಿಸಿ ಆರಿಸುವಷ್ಟರಲ್ಲಿ ಇವರಿಗೆ ಕೆಮ್ಮು ಹತ್ತಿತು.

ಇವರು ಜೇಬಿನಿಂದ ದಮ್ಮಿನ ಪಂಪು ತೆಗೆದು ಎಳೆದುಕೊಂಡು, ಬಾಯಿಗೆ ಟವೆಲ್ ಹಿಡಿದು, ಕೆಳಗಿಳಿದು ಹೋದರು. ಒಂದು ಮಾತು ಬೈದಿದ್ದರೂ ಆಗುತ್ತಿತ್ತು.

ಮೈದುನ ಚೀಲದ ಬಾಯಿ ಕಟ್ಟತೊಡಗಿದ. "ಬಿಡ್ರಿ ವೈನಿ. ತೆನಿ ನಾ ವಾಪಸ್ ಒಯ್ತೇನಿ. ಹೊಲದಾಗ ಸುಟ್ಟು, ಡಬ್ಬಿ ಕಟ್ಟಿ ಕಳಸ್ತೇನಿ, ಅಣ್ಣಾ ಮನ್ಯಾಗ ಕುಂತು ತಿನ್ಲಿ."

ಡಬ್ಬಿಯಲ್ಲಿ ಬಂದ ಸೀತನಿ! ಬೇರೆಯವರು ಸುಟ್ಟು ಕಳಿಸಿದ್ದನ್ನು ಈ ಮನುಷ್ಯ ಚಮಚೆಯಲ್ಲಿ ತಿನ್ನುವುದು ನನ್ನ ಕಣ್ಣಿಗೆ ಕಂಡಿತು. ಅದನ್ನು ತಿಂದರೆ ಇವರು ಇನ್ನೆಂದೂ ಏಳುವುದಿಲ್ಲ ಎನ್ನಿಸಿತು. ಆ ಸಂಕಟವೆಲ್ಲ ಸಿಟ್ಟಾಗಿ ಅತ್ತೆಯ ಮೇಲೆ ತಿರುಗಿತು.

"ನಿಮ್ಮ ಹಾಲು ಉಕ್ಕಸೂ ಸಲುವಾಗಿ ನೋಡ್ರಿ ಏನಾತು—"

ಅಷ್ಟಕ್ಕೇ ನಿಂತೆ. ಅತ್ತೆಯ ಮುಖ ಅಂಗೈಯಷ್ಟು ಚಿಕ್ಕದಾಗಿತ್ತು. "ಅಂವಗ ಚಲೋ ಆಗ್ಲಿ ಅಂತ ಉಕ್ಕಸಿದ್ನೆವ್ವಾ," ಎಂದರು. ನಾನು ಆ ಅರ್ಧ ಮಾತನ್ನಾದರೂ ಆಡಬಾರದಿತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

"ತೆನಿ ಇಲ್ಲೇ ಇರ್ಲಿ," ಎಂದು ಮೈದುನನಿಗೆ ಹೇಳಿ ಸಿಲಿಂಡರಿನ ಗ್ಯಾಸ್ ಬಂದ್ ಮಾಡಿದೆ. ಬರ್ನರು ಆರುವ ತನಕ ಕಾದು, ಪರ್ಸಿನಿಂದ ಸ್ಕ್ರೂಡ್ರೈವರ್ ತೆಗೆದು ಎರಡು ಸ್ಕ್ರೂ ಬಿಚ್ಚಿದೆ. ಅಂಗಡಿಯಲ್ಲಿ ಬಂದ ಹಾಗೆಯೇ ಬರ್ನರು ಕೈಗೆ ಬಂತು. ಒಂದು ಸಾಲು ತೂತಿನಲ್ಲಿ ಕಂದು ಬಣ್ಣದ ಹಾಲು ಗಟ್ಟಿಯಾಗಿ ಕೂತಿತ್ತು. ಬಿಸಿನೀರಲ್ಲಿ ನೆನೆಸಿ, ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದೆ. ಆಮೇಲೆ ಕಂಬಳಿ ಹೊಲಿಯುವ ದಪ್ಪ ಸೂಜಿ ತಂದು ಮಾಳಿಗೆಯ ಮೇಲೇ ಕಾಲು ಚಾಚಿ ಕೂತು ಒಂದೊಂದೇ ತೂತು ಚುಚ್ಚತೊಡಗಿದೆ. ಗುಂಡಿಯ ಕಾಜ ತೆಗೆದು ತೆಗೆದು ಪಳಗಿದ ಕೈ, ಅವಸರ ಮಾಡಲಿಲ್ಲ. ಅತ್ತೆ ಎದುರಿಗೆ ಬಂದು ಕೂತು ಬರ್ನರಿನ ಆ ತುದಿಯನ್ನು ಸೆರಗಿನಿಂದ ಹಿಡಿದುಕೊಂಡರು. ನಾನು ಚುಚ್ಚುವುದು, ಅವರು ಊದುವುದು. ಸ್ವಲ್ಪ ಹೊತ್ತಾದ ಮೇಲೆ, "ಸಿಟ್ಟು ಮುಗೀತೇನು?" ಎಂದು ಅವರೇ ಕೇಳಿದರು. ಮಗ ಈ ಮಾತು ಎಲ್ಲಿಂದ ಕಲಿತಿದ್ದಾನೆ ಎಂದು ಅವತ್ತು ಗೊತ್ತಾಯಿತು. ನನಗೆ ನಗುವೂ ಬಂತು, ಅಳುವೂ ಬಂತು.

"ತಪ್ಪಾತ್ರಿ ಅತ್ತಿ," ಎಂದೆ.

"ಚುಚ್ಚು, ಚುಚ್ಚು. ಇನ್ನೂ ಅರ್ಧಾ ಐತಿ," ಎಂದರು.

ಮೆಟ್ಟಿಲ ಮೇಲೆ ಸದ್ದಾಯಿತು. ಇವರು ಕೊನೆಯ ಮೆಟ್ಟಿಲ ಹತ್ತಿರ ಬಾಯಿಗೆ ಟವೆಲ್ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವ್ವ, ಹೆಂಡತಿ ಇಬ್ಬರೂ ಒಂದು ಕೊಳವೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಕೂತದ್ದನ್ನು ನೋಡುತ್ತಿದ್ದರು. ಟವೆಲ್ ಕೆಳಗಿಳಿಸಿ ಹತ್ತಿರ ಬಂದರು. ನನ್ನ ಕೈಯಿಂದ ಬರ್ನರು ತೆಗೆದುಕೊಂಡು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಇಲ್ಲೊಂದು ಬಿಟ್ಟೀದಿ," ಎಂದರು.

ಬರ್ನರನ್ನು ಚೆನ್ನಾಗಿ ಒಣಗಿಸಿ ಮತ್ತೆ ಜೋಡಿಸಿದೆ. ಇವರನ್ನು ಗಾಳಿ ಬರುವ ಕಡೆ, ದೂರ ನಿಲ್ಲಿಸಿ ಹೊತ್ತಿಸಿದೆ. ಎರಡೂ ಕಡೆ ಉದ್ದಕ್ಕೂ ನೀಲಿ, ಒಂದು ತೂತೂ ತಪ್ಪಿರಲಿಲ್ಲ. ಹೊಗೆ ಇರಲಿಲ್ಲ. ಮೈದುನ ನಾಲ್ಕು ತೆನೆ ತೆಗೆದು ಉರಿಯ ಮೇಲೆ ಇಡಲು ಹೋದ.

"ಏ, ಏ! ಉರಿ ಮ್ಯಾಲೆ ಇಡಬ್ಯಾಡಲೇ!" ಇವರ ದನಿ ಅಕ್ಕಪಕ್ಕದ ಮಾಳಿಗೆಗೂ ಕೇಳಿರಬೇಕು. ಒಂದು ವರ್ಷದ ಮೇಲೆ ಕೇಳಿದ ದನಿ. "ಸೀತನಿ ಉರ್ಯಾಗ ಸುಡೂದಿಲ್ಲ, ಕಾವಿನ್ಯಾಗ ಸುಡೂದು. ಸರಿ ಆ ಕಡೆ."

ಬಂದು ಗ್ರಿಲ್ಲಿನ ಮುಂದೆ ನಿಂತರು. ಅದರ ಮೈಯೆಲ್ಲ ನೋಡಿ, ಎರಡು ಕಿವಿಗಳನ್ನು ಮುಟ್ಟಿ, "ಇವೆರಡೂ ಬ್ಯಾರೆ ಬ್ಯಾರೆ ಆರ್ತಾವೇನು?" ಎಂದು ನನ್ನನ್ನು ಕೇಳಿದರು. ಹೌದೆಂದೆ. ಅಷ್ಟೂ ಕಷ್ಟಪಟ್ಟು ಬಿಚ್ಚಿ ತೊಳೆದ ಬಲಗಡೆಯದನ್ನು ಆರಿಸಿಬಿಟ್ಟರು! ಎಡಗಡೆ ಮಾತ್ರ ಉರಿಯಲು ಬಿಟ್ಟು, ತೆನೆಗಳನ್ನು ಆರಿದ ಕಡೆ ಜೋಡಿಸಿ ಮುಚ್ಚಳ ಹಾಕಿದರು. ಕೆಂಡದ ಬೂದಿಯಲ್ಲಿ ಇರುವಂಥ ಕಾವು ಆ ಪೆಟ್ಟಿಗೆಯೊಳಗೆ ಸುತ್ತತೊಡಗಿತು. ಅಂಗಡಿಯವರ ಪ್ರಶ್ನೆಗೆ ಉತ್ತರ ಇದು. ಆಮೇಲೆ ಇವರು ಬಗ್ಗಿ ಮುಚ್ಚಳದ ಕಡೆ ಕಿವಿ ಕೊಟ್ಟು ನಿಂತರು. ಒಳಗೆ ಚಟ್ ಎಂದು ಒಂದು ಸದ್ದಾಯಿತು.

"ಬಂತು," ಎಂದು ಬೇವಿನ ಕೋಲಿಗೆ ಕೈ ಚಾಚಿದರು. ಮೈದುನ ಓಡಿ ಬಂದು ಕೊಟ್ಟ. ಕೋಲಿನ ತುದಿಯಿಂದ ಮುಚ್ಚಳ ಎತ್ತಿ ತೆನೆ ಹೊರಳಿಸಿದರು.

ಅವತ್ತು ಚೀಲ ಖಾಲಿಯಾಗುವ ತನಕ ಸುಟ್ಟರು. ಪಕ್ಕದ ಮನೆಯವರನ್ನು ಕರೆದರು. ಎರಡು ಸಲ ತಮ್ಮನನ್ನು ಬೈದರು, ನಾನು ಮೊಸರು ತರಲು ತಡ ಮಾಡಿದೆ ಎಂದು ನನ್ನನ್ನೂ ಗದರಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಗದರಿಸಿಕೊಂಡು ಸುಮ್ಮನೆ ನಕ್ಕೆ. ನಡುನಡುವೆ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು, ಕೆಮ್ಮು ಬರಲಿಲ್ಲ.

ಕೊನೆಯ ತೆನೆ ಉಳಿಯಿತು. ಅದು ಸುಡುವವನ ಪಾಲು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಎರಡು ಸಲ ತಿಕ್ಕಿ ನೋಡಿದರು. ಬಳಿಕ ನನ್ನ ಕಡೆ ಚಾಚಿದರು.

"ನನ್ನ ಕೈಯಾಗ ಬಲಾ ಇಲ್ಲ ಬೇ. ಇನ್ನ ಮ್ಯಾಲೆ ನೀನ ತಿಕ್ಕು."

ಸೂಜಿ ಚುಚ್ಚಿಸಿಕೊಂಡು ಗಡುಸಾದ ಬೆರಳು ನನ್ನವು, ಆದರೂ ಸುಟ್ಟಿತು. ಬಿಡದೆ ತಿಕ್ಕಿದೆ. ಹಸಿರು ಕಾಳು ಉದುರಿದವು. ಊದಿ, ಹೊಟ್ಟು ತೆಗೆದು ಇವರ ಅಂಗೈಗೆ ಹಾಕಿದೆ. ಹಿಂದಿನ ವರ್ಷ ಬುಟ್ಟಿಯಲ್ಲಿ ಉಳಿದ ತೆನೆ ನನ್ನ ಕಣ್ಣ ಮುಂದೆ ಬಂತು. ಇವರು ನಿಧಾನವಾಗಿ ಅಗಿದರು.

"ಹ್ಯಾಂಗ ಐತ್ರಿ?" ನನಗೆ ತಡೆಯಲಾಗಲಿಲ್ಲ.

"ರುಚಿ ಅರ್ಧಾ ಐತಿ," ಎಂದರು. "ಕುಳ್ಳಿನ ವಾಸನಿ ಇಲ್ಲ."

ಮಾಸ್ತರ ಬುದ್ಧಿ ಎಲ್ಲಿ ಹೋಗುತ್ತದೆ! ಯಾರಿಗೂ ಪೂರ್ತಿ ಮಾರ್ಕ್ಸು ಕೊಟ್ಟ ಜನ್ಮವಲ್ಲ. ನಾನು ಸಿಟ್ಟಾಗಲು ಬಾಯಿ ತೆರೆದವಳು, ಬೇರೆಯದನ್ನೇ ಕೇಳಿದೆ.

"ಉಸರು?"

ಅವರು ಕನ್ನಡಕ ತೆಗೆದರು. ಒರೆಸಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು.

"ಉಸರು ಪೂರ್ತಿ ಐತಿ."

ಆಮೇಲೆ ಬಗ್ಗಿ ಗ್ರಿಲ್ಲಿನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಇವು ಬಿಚ್ಚಾಕ ಬರ್ತಾವೇನು?"

"ಯಾಕ್ರಿ?"

"ಮುಂದಿನ ಐತವಾರ ಟಂಟಂದಾಗ ಹಾಕ್ಕೊಂಡು ಬಿಜ್ಜರಗಿಗೆ ಒಯ್ಯೋಣು. ಸೀತನಿ ಹೊಲದಾಗ ತಿನ್ನಬೇಕು."

ಪರ್ಸಿನಿಂದ ಸ್ಕ್ರೂಡ್ರೈವರ್ ತೆಗೆದು ಅವರ ಕೈಗೆ ಕೊಟ್ಟೆ.